ಹೆಂಡತಿಯ ಲೈಸೆನ್ಸಿಗೆ ನಾನು ರೇಟು ಕಾದದ್ದು

ನನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ. ತಿಪಟೂರಿನಲ್ಲಿ ಇಪ್ಪತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ಮೇಲೆ ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ. ಯಾರಾದರೂ "ಬೇಗ, ಬೇಗ" ಎಂದರೆ ನಾನು ಕುರ್ಚಿಗೆ ಇನ್ನಷ್ಟು ಒರಗಿ ಕೂರುತ್ತೇನೆ. ಅವಸರ ಮಾಡುವವನ ಮಾಲಿನಲ್ಲಿ ಹುಳುಕು ಇದ್ದೇ ಇರುತ್ತದೆ.

ನನ್ನ ಹೆಂಡತಿ ಶೈಲಾ ಆರ್ಕಿಟೆಕ್ಟ್. ಐದು ವರ್ಷ ಓದಿ ಲೈಸೆನ್ಸ್ ಪಡೆದವಳು. ಮದುವೆಯಾದ ಹೊಸದರಲ್ಲೇ ನಾನು ಮುನ್ನೆಚ್ಚರಿಕೆಯಿಂದ ಅವಳ ಲೈಸೆನ್ಸಿನ ಖಾತೆಗೆ ನನ್ನ ಫೋನ್ ನಂಬರ್ ಹಾಕಿಸಿದ್ದೆ. ಹೆಂಗಸರನ್ನು ಯಾರು ಬೇಕಾದರೂ ಏಮಾರಿಸಬಹುದು, ಆದ್ದರಿಂದ ಒಟಿಪಿಯೆಲ್ಲ ನನಗೇ ಬರತಕ್ಕದ್ದು ಎಂಬುದು ನನ್ನ ಆಗಿನ ಘನ ಅಭಿಪ್ರಾಯವಾಗಿತ್ತು.

ಇದುವರೆಗೆ ಅವಳಿಗೆ ಬಂದದ್ದೆಲ್ಲ ನೆಂಟರ ಮನೆಯ ಕಾಂಪೌಂಡು, ಬಚ್ಚಲುಮನೆ. ಕಾಸಿನ ಬದಲು ಕಾಫಿ ಕೊಡುತ್ತಿದ್ದರು. ಈ ಸಲ ಮೊದಲ ದೊಡ್ಡ ಕೆಲಸ ಸಿಕ್ಕಿತ್ತು. ತುರುವೇಕೆರೆಯ ಡಾಕ್ಟರಮ್ಮ ಒಬ್ಬರು ಕಟ್ಟಿಸಲಿರುವ ಹೆರಿಗೆ ಆಸ್ಪತ್ರೆಯ ಪ್ಲಾನು. ಮೂರು ತಿಂಗಳು ಕೂತು ಬರೆದಿದ್ದಳು. ಅಷ್ಟರಲ್ಲಿ ಲೈಸೆನ್ಸ್ ಕೊಡುವ ದಿಲ್ಲಿಯ ಕಚೇರಿಯಿಂದ ನನ್ನ ಫೋನಿಗೆ ಮೆಸೇಜು ಬಂತು: ಲೈಸೆನ್ಸ್ ನವೀಕರಣದ ಶುಲ್ಕವನ್ನು ತಿಂಗಳ ಕೊನೆಯೊಳಗೆ ಕಟ್ಟುವುದು.

"ಹಿಂದೆ ಕಟ್ಟಿದ್ದು ಎಲ್ಲಿಗೆ ಹೋಯ್ತು?" ಎಂದೆ.

"ಅದರ ಅವಧಿ ಮುಗೀತು ಕಣ್ರೀ. ಒಟಿಪಿ ಹೇಳಿ, ಕಟ್ಬಿಡ್ತೀನಿ."

"ಓದಿದ್ದು ಮರ್ತೋಗಿದ್ಯಾ? ಇಲ್ವಲ್ಲ. ಮತ್ಯಾಕೆ ಕಟ್ಬೇಕು? ಡ್ರಾಯಿಂಗ್ ಸಾಫ್ಟ್‌ವೇರಿಗೆ ವರ್ಷಾ ವರ್ಷಾ ಬಾಡಿಗೆ, ಟ್ರೈನಿಂಗಿಗೆ ಬೇರೆ, ಈಗ ಇದೊಂದು. ತೆಂಗಿನಮರ ಒಂದ್ಸಲ ನೆಟ್ರೆ ಆಯ್ತು ಕಣೇ, ಹಿಂಗೆ ಕೈ ಒಡ್ಡಲ್ಲ."

"ಹೌದಾ? ಹಂಗಾದ್ರೆ ವರ್ಷಾ ವರ್ಷಾ ಗೊಬ್ಬರ ಯಾರ ಮರಕ್ಕೆ ಹೊಡಿಸ್ತೀರಿ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಪದ್ಧತಿ ನನ್ನಲ್ಲಿಲ್ಲ. "ನಾನೇ ಕಟ್ತೀನಿ ಬುಡು" ಎಂದು ಜವಾಬ್ದಾರಿ ಹೊತ್ತುಕೊಂಡೆ.

ಪಕ್ಕದ ಮಂಡಿಯ ಬಸಣ್ಣನಿಗೆ ಮೆಸೇಜು ತೋರಿಸಿದೆ. "ಕಡೇ ದಿನ ಹೇಳಿ ಅವಸರ ಮಾಡ್ತಾವ್ರೆ ಅಂದ್ರೆ ಅವರಿಗೆ ಗಿರಾಕಿ ಇಲ್ಲ ಕಣ್ಲಾ. ತಡಿ, ಇಳೀತದೆ" ಎಂದ. ನನಗೂ ಅದೇ ಅನುಮಾನವಿತ್ತು. ನಮ್ಮ ಕಡೆ ಕಾಯಿಯನ್ನು ವರ್ಷವಿಡೀ ಅಟ್ಟದ ಮೇಲೆ ಒಣಗಿಸಿ ಕೊಬ್ಬರಿ ಮಾಡುತ್ತೇವೆ. ಆಮೇಲೂ ರೇಟು ನೋಡಿಕೊಂಡು ಕೂರುತ್ತೇವೆ. ಕಾಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶೈಲಾ ಕೇಳಿದಾಗಲೆಲ್ಲ "ನಡೀತಾ ಐತೆ" ಎನ್ನುತ್ತಿದ್ದೆ.

ತಿಂಗಳು ಮುಗಿಯಿತು. ಎರಡನೇ ಮೆಸೇಜು ಬಂತು. ದಂಡ ಸೇರಿಕೊಂಡಿತ್ತು. ರೇಟು ಏರಿತ್ತು! ರಾತ್ರೋರಾತ್ರಿ ಏರಿದ್ದು ನೋಡಿ ನನ್ನ ಅನುಮಾನ ಗಟ್ಟಿಯಾಯಿತು. ಇದು ಆನ್‌ಲೈನ್ ಕಳ್ಳರ ಕೆಲಸವೇ. ಅವರ ಬಾಯಿ ಬಿಡಿಸಬೇಕೆಂದು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ವಿನಯವಾಗಿ ಮಾತಾಡಿದಳು. ನನ್ನ ಹಿಂದಿಯೆಲ್ಲ ಉತ್ತರದಿಂದ ಬರುವ ಕೊಬ್ಬರಿ ಖರೀದಿದಾರರಿಂದ ಕಲಿತದ್ದು, ಅದರಲ್ಲಿ ಚೌಕಾಸಿ ಬಿಟ್ಟರೆ ಬೇರೆ ಮಾತಿಲ್ಲ. "ಆಖ್ರೀ ರೇಟ್ ಬೋಲೋ, ಮೇಡಂ" ಎಂದೆ. ಇದು ಸರ್ಕಾರಿ ಶುಲ್ಕ, ರೇಟಲ್ಲ ಎಂದಳು. ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿದೆ. ಫೋನ್ ಕಟ್ಟಾಯಿತು. ಸಿಕ್ಕಿಬಿದ್ದ ಕಳ್ಳರು ಹೀಗೆಯೇ ಅಲ್ಲವೇ ಫೋನ್ ಇಡುವುದು! ಗೆದ್ದ ಸಂತೋಷದಲ್ಲಿ ಆ ನಂಬರನ್ನೂ ಮೆಸೇಜನ್ನೂ ಬ್ಲಾಕ್ ಮಾಡಿದೆ.

ಮುಂದಿನ ವಾರ ಪಟ್ಟಣ ಪಂಚಾಯಿತಿಯಿಂದ ಆಸ್ಪತ್ರೆಯ ಪ್ಲಾನು ಮಂಜೂರಾಗದೆ ವಾಪಸ್ ಬಂತು. ಆರ್ಕಿಟೆಕ್ಟರ ಲೈಸೆನ್ಸ್ ಚಾಲ್ತಿಯಲ್ಲಿಲ್ಲವಂತೆ. ಡಾಕ್ಟರಮ್ಮ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಶೈಲಾಗೆ ಫೋನ್ ಮಾಡಿದರು.

"ಕಟ್ಟಿದ್ದೀನಿ ಅಂದ್ರಲ್ಲ?"

"ನಡೀತಾ ಐತೆ ಅಂದಿದ್ದೆ."

"ಕಾವಲಿಗೆ ಅಂತ ಕೂರ್ಸಿದ್ರೆ ಬೇಲಿನೇ ಎದ್ದು ಹೊಲ ಮೇಯ್ತು" ಎಂದಳು. ಕೂಗಾಡಲಿಲ್ಲ. ಹಾಳೆಗಳನ್ನು ಸುತ್ತಿ ಬೀರುವಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ತುರುವೇಕೆರೆಯ ಬಸ್ಸು ಹತ್ತಿದೆ. ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಟೋಕನ್ ಇಲ್ಲದೆ ಒಳಗೆ ಬಿಡುವುದಿಲ್ಲ. ಒಂಬತ್ತನೇ ಟೋಕನ್ ಹಿಡಿದು, ಬಸುರಿಯರ ಸಾಲಿನಲ್ಲಿ ಎರಡು ಗಂಟೆ ತಲೆ ತಗ್ಗಿಸಿ ಕೂತೆ.

"ಪೇಷೆಂಟ್ ಎಲ್ಲಿ?" ಎಂದರು ಡಾಕ್ಟರಮ್ಮ.

"ನಾನೇ ಕಣಮ್ಮ" ಎಂದು ನಡೆದದ್ದನ್ನೆಲ್ಲ ಒಪ್ಪಿಸಿದೆ.

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಶೈಲಾ ಅವರ ಪ್ಲಾನು ನಂಗೆ ಇಷ್ಟವಾಗಿತ್ತು. ಎರಡು ವಾರ ಕಾಯ್ತೀನಿ, ಸರಿ ಮಾಡ್ಕೊಂಡು ಬರ್ಲಿ. ನೀವು ಮಾತ್ರ ಕಟ್ಟಡದ ಕಡೆ ಸುಳೀಬೇಡಿ" ಎಂದರು.

ಮನೆಗೆ ಬಂದು, ಬ್ಲಾಕ್ ತೆಗೆದು, ಫೋನನ್ನೇ ಶೈಲಾ ಕೈಗೆ ಕೊಟ್ಟೆ. ಶುಲ್ಕ, ದಂಡ, ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸುವ ಶುಲ್ಕ ಎಲ್ಲವನ್ನೂ ಐದು ನಿಮಿಷದಲ್ಲಿ ಕಟ್ಟಿದಳು. ಕೊನೆಗೆ ಹೊಸ ಅರ್ಜಿ ತುಂಬುವಾಗ ನಾನೂ ಪಕ್ಕದಲ್ಲಿ ಕೂತು ಇಣುಕುತ್ತಿದ್ದೆ. 'ಗಂಡನ ಹೆಸರು' ಎಂಬ ಖಾನೆ ಬಂತು. ಪಕ್ಕದಲ್ಲೇ 'ಕಡ್ಡಾಯವಲ್ಲ' ಎಂದು ಬರೆದಿತ್ತು.

ಅವಳು ಅದನ್ನು ಎರಡು ಸಲ ಓದಿದಳು. ನನ್ನ ಮುಖ ನೋಡಿದಳು. ಖಾಲಿ ಬಿಟ್ಟು ಮುಂದಕ್ಕೆ ಹೋದಳು.