ಕುವೈತಿನ ನೀರು ಮತ್ತು ನನ್ನ ತಲೆ

ನನ್ನದು ಯಾರನ್ನೂ ಸುಲಭಕ್ಕೆ ನಂಬುವ ಸ್ವಭಾವವಲ್ಲ. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಹಿಂದಿನ ಸಾಲಿನ ಪ್ಯಾಕೆಟ್ಟನ್ನೇ ಎಳೆಯುತ್ತೇನೆ. ಲಿಫ್ಟಿನ ಗುಂಡಿಯನ್ನು ಬೇರೆಯವರು ಒತ್ತಿದ್ದರೂ ಇನ್ನೊಮ್ಮೆ ಒತ್ತುತ್ತೇನೆ. ಹೀಗಿರುವಾಗ ಕೂದಲು ಉದುರತೊಡಗಿ, ಹೊಟ್ಟೆ ಉರಿದು, ನಿದ್ದೆ ಹಾರಿಹೋಗಿ, ಆಫೀಸಿರುವ ಶುವೈಖಿನಲ್ಲಿ ಕಾರು ನಿಲ್ಲಿಸಿದ ಜಾಗವೂ ಮರೆಯತೊಡಗಿದಾಗ ಇದರ ಹಿಂದೆ ಯಾರದೋ ಕೈವಾಡವಿದೆ ಎಂದೇ ಅನಿಸಿತು. ಮೊದಲ ಅನುಮಾನ ಹೆಂಡತಿ ಸುನಂದಾ ಬದಲಿಸಿದ ಅಡುಗೆ ಎಣ್ಣೆಯ ಮೇಲೆ. ಆದರೆ ಅದೇ ಎಣ್ಣೆ ತಿಂದ ಅವಳ ಜಡೆ ಮಾತ್ರ ಇದ್ದ ಹಾಗೇ ಇತ್ತು. ಅವಳು ತನಗೆ ಬೇರೆ ಎಣ್ಣೆ ಇಟ್ಟುಕೊಂಡಿದ್ದಾಳೆಯೇ ಎಂಬ ಇನ್ನೊಂದು ಅನುಮಾನಕ್ಕೆ ಅದು ದಾರಿಯಾಯಿತು.

ನಾನು ವಾಹನಗಳ ಬಿಡಿಭಾಗಗಳ ಗೋದಾಮಿನಲ್ಲಿ ಸರಕು ತರಿಸುವವನು. ಹಡಗು ತಡವಾದರೂ ನನ್ನನ್ನೇ ಕೇಳುತ್ತಾರೆ, ಬೇಗ ಬಂದರೂ ನನ್ನನ್ನೇ. ಅದಕ್ಕೆಂದೇ ಆಫೀಸಿನ ಫೋನೊಂದು ಸದಾ ನನ್ನ ಜೇಬಿನಲ್ಲಿರುತ್ತದೆ. ಮನೆಯಲ್ಲಿ ಮಗಳು ಅನಘಾಳ ಜೊತೆ ಕ್ಯಾರಂ ಆಡಲು ಕೂತಾಗಲೂ ಅದು ಹೊಡೆದುಕೊಳ್ಳುತ್ತದೆ. ಅವಳು 'ಇಟ್ಸ್ ಓಕೆ ಪಪ್ಪಾ' ಎಂದು ಕಾಯಿಗಳನ್ನು ಚೀಲಕ್ಕೆ ತುಂಬುತ್ತಾಳೆ. ಇತ್ತೀಚೆಗೆ ಆಡೋಣ ಎಂದು ಕರೆಯುವುದನ್ನೂ ನಿಲ್ಲಿಸಿದ್ದಳು.

ಪಕ್ಕದ ಮೇಜಿನ ಹಮೀದ್ ಭಾಯಿ ಪುತ್ತೂರಿನವರು. ನನ್ನ ತಲೆಯನ್ನು ಸುತ್ತಲೂ ನೋಡಿ, "ಇದು ಇಲ್ಲಿಯ ನೀರಿನ ಕೆಲಸ ಮಾರಾಯ್ರೆ. ಸಮುದ್ರದ ನೀರಲ್ವಾ? ಬರುವಾಗ ನನಗೆ ಎಷ್ಟು ಕೂದಲಿತ್ತು ಗೊತ್ತುಂಟಾ?" ಎಂದರು. ಅವರ ಬೋಳುತಲೆಯ ಎದುರು ವಾದಿಸುವ ಧೈರ್ಯ ನನಗಾಗಲಿಲ್ಲ.

ಸುನಂದಾ ನೀರಿನ ಮಾತು ನಂಬದೆ ನನ್ನನ್ನು ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಹಾಸನದ ಕಡೆಯವರು. "ಕಾಯಿಲೆ ಏನಿಲ್ಲ ರೀ, ಸ್ಟ್ರೆಸ್ಸು. ವರ್ಷಗಟ್ಟಲೆ ಮೈ ಮನಸ್ಸು ಬಿಗಿಹಿಡ್ಕೊಂಡೇ ಇದ್ರೆ ಕೂದ್ಲು, ಹೊಟ್ಟೆ, ನಿದ್ದೆ, ನೆನಪು ಒಂದೊಂದಾಗಿ ಕೈಕೊಡುತ್ತೆ" ಎಂದರು. ಒಂದು ಮಾತ್ರೆಯನ್ನೂ ಬರೆಯಲಿಲ್ಲ. ಮಾತ್ರೆ ಬರೆಯದ ಡಾಕ್ಟರನ್ನು ನಂಬುವುದು ಹೇಗೆ?

ಅಷ್ಟರಲ್ಲಿ ರಜೆ ಬಂತು. ರಜೆಗೆ ಹೋಗುವವರು ಆಫೀಸಿನ ಫೋನನ್ನು ಪಕ್ಕದ ಮೇಜಿನವರಿಗೆ ಒಪ್ಪಿಸಿ ಹೋಗುವುದು ನಮ್ಮಲ್ಲಿ ಪದ್ಧತಿ. ಹಮೀದ್ ಭಾಯಿಗೆ ಒಪ್ಪಿಸಿ ಮೈಸೂರಿಗೆ ಹೋದೆ. ಕೆಲವೇ ದಿನಗಳಲ್ಲಿ ಕೂದಲು ಉದುರುವುದು ಕಡಿಮೆಯಾಯಿತು, ಊಟ ಸೇರಿತು, ಮಧ್ಯಾಹ್ನವೂ ನಿದ್ದೆ ಬಂತು. ನೀರೇ ಅಪರಾಧಿ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ವಾಪಸು ಹೊರಡುವಾಗ ಅತ್ತೆ ಕೊಟ್ಟ ಉಪ್ಪಿನಕಾಯಿಯನ್ನು ಬಿಟ್ಟು, ಆ ಜಾಗದಲ್ಲಿ ಒಂದು ಕ್ಯಾನಿನಲ್ಲಿ ಅಲ್ಲಿಯ ನೀರು ತುಂಬಿಕೊಂಡೆ. ಕುವೈತ್ ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ತೆರೆಸಿ, ಮೂಸಿ, ನನ್ನ ಮುಖ ನೋಡಿ, ಮತ್ತೆ ಮೂಸಿದ. ಮನುಷ್ಯರಿಗೆ ಇಷ್ಟೊಂದು ಅನುಮಾನ ಇರಬಾರದು ಎಂದು ನನಗೆ ಬೇಸರವಾಯಿತು.

ಹಮೀದ್ ಭಾಯಿಯಿಂದ ಫೋನ್ ವಾಪಸು ಪಡೆದು ಕೆಲಸಕ್ಕೆ ಮರಳಿದೆ. ಮೈಸೂರಿನ ನೀರನ್ನು ತಲೆಗೆ ಹಾಕಿಕೊಂಡರೂ ಕೂದಲು ಉದುರಿತು. ಸುನಂದಾ ಆ ನೀರನ್ನು ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಸುರಿದು ನಲ್ಲಿ ನೀರು ತುಂಬಿಟ್ಟಿದ್ದಾಳೆಯೇ ಎಂದು ನೇರವಾಗಿ ಕೇಳಿಯೇಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

"ಊರಲ್ಲಿ ನೀರೊಂದೇ ಬೇರೆ ಇತ್ತಾ? ಈ ಫೋನ್ ಎಲ್ಲಿತ್ತು ರೀ?" ಎಂದಳು.

ಇನ್ನು ಮುಂದೆ ಮನೆಗೆ ಬಂದ ಮೇಲೆ ಫೋನ್ ಅಕ್ಕಿ ಡಬ್ಬಿಯಲ್ಲಿರಬೇಕು ಎಂದು ಅವಳು ಕಾನೂನು ಮಾಡಿದಳು. ಮೊದಲ ಸಂಜೆ ನಾನೇ ಕ್ಯಾರಂ ಬೋರ್ಡ್ ಇಳಿಸಿದೆ. ಅನಘಾ ನನ್ನನ್ನು ಅನುಮಾನದಿಂದಲೇ ನೋಡಿ ಎದುರಿಗೆ ಕೂತಳು. ಸ್ವಲ್ಪ ಹೊತ್ತಿಗೆ ನಗತೊಡಗಿದಳು. ಆಟ ಚೆನ್ನಾಗಿ ಸಾಗಿತ್ತು. ಆದರೆ ಫೋನ್ ಒಮ್ಮೆಯೂ ಹೊಡೆಯಲಿಲ್ಲ. ಯಾಕೆ ಹೊಡೆಯುತ್ತಿಲ್ಲ? ನಾನಿಲ್ಲದೆಯೂ ಕೆಲಸ ನಡೆಯುತ್ತದೆ ಎಂದು ಹಮೀದ್ ಭಾಯಿ ನನ್ನ ರಜೆಯಲ್ಲಿ ಮ್ಯಾನೇಜರಿಗೆ ತೋರಿಸಿಕೊಟ್ಟರೇ? ಈ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿಯನ್ನು ಕಂಪನಿ ಮತ್ತೆ ಮಾಡಿಸುವುದಿಲ್ಲವೇ? ಹೊಟ್ಟೆ ಉರಿಯತೊಡಗಿತು. ನೀರು ಕುಡಿದು ಬರುತ್ತೇನೆ ಎಂದು ಅಡುಗೆಮನೆಗೆ ಹೋಗಿ, ಫೋನ್ ಕೆಟ್ಟಿದೆಯೇ ಎಂದು ನೋಡಲು ಸುನಂದಾಳ ಮೊಬೈಲಿನಿಂದ ನನಗೆ ನಾನೇ ಕರೆ ಮಾಡಿದೆ. ಡಬ್ಬಿಯೊಳಗೆ ಅದು ಚೆನ್ನಾಗಿಯೇ ಹೊಡೆದುಕೊಂಡಿತು.

ಹಜಾರದಿಂದ "ಇಟ್ಸ್ ಓಕೆ ಪಪ್ಪಾ" ಎಂಬ ದನಿ ಬಂತು, ಹಿಂದೆಯೇ ಕಾಯಿಗಳನ್ನು ಚೀಲಕ್ಕೆ ತುಂಬುವ ಸದ್ದು. ನನಗೆ ಅಳುವೇ ಬಂದ ಹಾಗಾಯಿತು. ಕರೆ ಮಾಡಿದ್ದು ಆಫೀಸಿನವರಲ್ಲ, ನಾನೇ ಎಂದು ಮಗಳಿಗೆ ಹೇಳಲು ಮುಖವಿರಲಿಲ್ಲ.