ಕೊನೆಯ ದೃಶ್ಯದ ಪಾಠ

ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುವ ಮೇಷ್ಟ್ರು ಚಹಾ ಕುಡಿಯುತ್ತ, ಜೈಲಿನ ಸಿನಿಮಾಗಳು ಕೈದಿಗಳಿಗೆ ಅರ್ಥವಾದಷ್ಟು ನಮಗಾಗುವುದಿಲ್ಲ ಎಂದುಬಿಟ್ಟರು. ಅಂದದ್ದೇ ತಪ್ಪಾಯಿತು. ಪಕ್ಕದಲ್ಲಿದ್ದ ಚರಿತ್ರೆ ಮೇಷ್ಟ್ರಿಗೆ ಕೇಳದೆ ಉಪಕಾರ ಮಾಡುವ ಚಟ. ಅವರು ಪ್ರಿನ್ಸಿಪಾಲರ ಕಿವಿಗೆ ಹಾಕಿದರು; ಪ್ರಿನ್ಸಿಪಾಲರು ಜೈಲಿಗೆ ಫೋನು ಮಾಡಿ ಕೈದಿಗಳಿಗೊಂದು ಪಾಠ ಗೊತ್ತುಮಾಡಿದರು. ಮಧ್ಯಾಹ್ನಕ್ಕೆಲ್ಲ ಮೇಷ್ಟ್ರು ಬಿಳಿ ಅಂಗಿ, ಬಿಳಿ ಪ್ಯಾಂಟಿನ ಮೇಲೆ ಕರಿ ಕೋಟು ತೊಟ್ಟು ಜೈಲಿನ ಬಾಗಿಲಲ್ಲಿದ್ದರು. ಯಾರ ಕಣ್ಣಲ್ಲೂ ಕಣ್ಣಿಟ್ಟು ನೋಡಬೇಡಿ ಎಂದು ಹೆಂಡತಿ ಹೇಳಿ ಕಳಿಸಿದ್ದಳು.

ಒಂದೊಂದು ಕಬ್ಬಿಣದ ಬಾಗಿಲು ಹಿಂದೆ ಮುಚ್ಚಿಕೊಂಡಾಗಲೂ ಅವರ ಜೀವ ಒಂದೊಂದು ಗೇಣು ಕೆಳಗಿಳಿಯಿತು. ಕಿಟಕಿಗಳಿಗೆ ಕಂಬಳಿ ಕಟ್ಟಿದ ಹಾಲಿನಲ್ಲಿ ಬಿಳಿ ಬಟ್ಟೆ, ಬಿಳಿ ಟೋಪಿಯ ಕೈದಿಗಳು ಸಾಲಾಗಿ ಕೂತಿದ್ದರು. ಮುಂದುಗಡೆಯೇ ಒಬ್ಬ ಮೀಸೆಯ ಆಸಾಮಿ. ಅವನ ಕುತ್ತಿಗೆ ಮೇಷ್ಟ್ರ ಸೊಂಟದಷ್ಟಿತ್ತು. ಅವನ ಪಕ್ಕದ ಸಣಕಲನೊಬ್ಬ ಮಾತ್ರ ಕೈಕಟ್ಟಿ ಕೂತ ಒಳ್ಳೆಯ ವಿದ್ಯಾರ್ಥಿಯಂತಿದ್ದ. ಮೇಷ್ಟ್ರು ಅವನನ್ನೇ ನೋಡುತ್ತ ಪಾಠ ಶುರುಮಾಡಿದರು.

ಪರದೆಯ ಮೇಲೆ ತುಣುಕುಗಳು ಓಡಿದವು. ಮೊದಲು ಕ್ಯಾಮೆರಾ ಮುಖದ ಹತ್ತಿರವೇ ಇರುತ್ತದೆ, ತಲೆಗೆ ತಾಗುವಂತೆ ಸೂರು, ನೋಡುವವನಿಗೂ ಉಸಿರು ಕಟ್ಟಬೇಕು ಎಂದರು. ಅವರಿಗೆ ನಿಜಕ್ಕೂ ಉಸಿರು ಕಟ್ಟಿದ್ದರಿಂದ ವಿವರಣೆ ಸೊಗಸಾಗಿ ಬಂತು. ಬಣ್ಣವೆಲ್ಲ ಬೂದಿಯಾಗಿದ್ದಾಗ ಗೋಡೆಯ ಮೇಲೆ ಬೀಳುವ ಒಂದೆಳೆ ಬಿಸಿಲೇ ಭರವಸೆ ಎಂದರು.

"ಬಿಡುಗಡೆ ತೋರ್ಸೋದು ಹೇಗೆ ಸಾರ್?" ಸಣಕಲ ಕೇಳಿದ.

"ಸಂಗೀತ ನಿಲ್ಲಿಸಿಬಿಡ್ತಾರೆ. ಅವನು ಓಡಲ್ಲ, ನಿಧಾನಕ್ಕೆ ನಡೀತಾನೆ. ಕ್ಯಾಮೆರಾ ಮೇಲಕ್ಕೇಳುತ್ತೆ, ಪರದೆ ತುಂಬ ಆಕಾಶ..."

ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲೋ ಸೈರನ್ನು ಊಳಿಟ್ಟಿತು. ಕತ್ತಲಲ್ಲಿ ಯಾರೋ, ಬೆವತುಹೋಗಿದ್ದೀರಿ ಸಾರ್ ಎನ್ನುತ್ತ ಮೇಷ್ಟ್ರ ಕೋಟು ಬಿಚ್ಚಿ ತೆಗೆದುಕೊಂಡರು. ಪ್ರಾಣ ಕೇಳಿದ್ದರೂ ಮೇಷ್ಟ್ರು ಕೊಟ್ಟುಬಿಡುತ್ತಿದ್ದರು. ತಲೆಯ ಮೇಲೆ ಟೋಪಿಯಂಥದ್ದೇನೋ ಬಂದು ಕೂತಿತು. ದಪ್ಪ ಕೈಯೊಂದು ರಟ್ಟೆ ಹಿಡಿದು ಕೆಳಕ್ಕೆಳೆಯಿತು.

"ಕೂತ್ಕೊಳ್ಳಿ. ಇಂಥಾ ಹೊತ್ನಲ್ಲಿ ನಿಂತೋರಿಗೇ ಮೊದಲು ಲಾಠಿ ಬೀಳೋದು" ಎಂದಿತು ಮೀಸೆಯವನ ದನಿ.

ಕಾವಲಿನವರು ಟಾರ್ಚು ಹಿಡಿದು ಬಂದು ತಲೆ ಮುಟ್ಟಿ ಮುಟ್ಟಿ ಎಣಿಸಿದರು. ಮೇಷ್ಟ್ರ ತಲೆಯನ್ನೂ ಮುಟ್ಟಿದರು. ತಾನಾರೆಂದು ಹೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಲೆಕ್ಕ ಸರಿಯಾಗಿದೆ ಎಂದು ಒಬ್ಬ ಕೂಗಿದ. ಎಲ್ಲರನ್ನೂ ಕೋಣೆಗಳಿಗೆ ಅಟ್ಟಿದರು. ಮೀಸೆಯವನ ಜೊತೆ ಒಳಸೇರಿ, ಬೀಗ ಬಿದ್ದ ಮೇಲಷ್ಟೇ ಮೇಷ್ಟ್ರಿಗೆ ದನಿ ಮರಳಿತು.

ಕಾವಲಿನವನು ನಂಬಲಿಲ್ಲ. "ಮೇಷ್ಟ್ರು ಆಗ್ಲೇ ಹೋದ್ರು. ಕೋಟು ಹಾಕ್ಕೊಂಡು, ಅವಸರವಿಲ್ಲದೆ. ಪಾಪ, ನನಗೆ ಕೈಮುಗಿದೇ ಹೋದ್ರು."

ಮೇಷ್ಟ್ರು ಸರಳು ಹಿಡಿದು ಅತ್ತರು. ಕೊನೆಗೆ ಜೈಲಿನ ಸೂಪರಿಂಟೆಂಡೆಂಟರೇ ಬಂದರು. ಟಾರ್ಚು ಬಿಟ್ಟು ನೋಡಿದ ತಕ್ಷಣ ಅವರಿಗೆ ಗುರುತು ಸಿಕ್ಕಿತು, ಬೀಗ ತೆಗೆದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಸಾಹೇಬರು ಕಾರಿಡಾರಿನ ಆಚೀಚೆ ನೋಡಿದರು, ಹಣೆ ಒರೆಸಿಕೊಂಡರು, ದನಿ ತಗ್ಗಿಸಿದರು.

"ಮೇಲಿನಿಂದ ತನಿಖೆಯವರು ಬರೋ ಹೊತ್ತಾಯ್ತು, ಮೇಷ್ಟ್ರೇ. ಒಂದು ತಲೆ ಕಮ್ಮಿ ಬಂದ್ರೆ ನನ್ನ ಕೆಲಸ ಹೋಗುತ್ತೆ. ಆ ಸಣಕಲ ಸಿಗೋವರೆಗೆ ಸ್ವಲ್ಪ ಹೊಂದ್ಕೊಂಡುಬಿಡಿ."

ಬೀಗ ಮತ್ತೆ ಬಿತ್ತು. ಮೀಸೆಯವನು ಚಾಪೆಯ ಮೇಲೆ ಸರಿದು ಜಾಗ ಮಾಡಿದ.

"ಬನ್ನಿ ಸಾರ್, ಆಕಾಶದ ಹತ್ರ ನಿಲ್ಸಿದ್ರಿ. ಮುಂದೆ?"