ಮರಳುಗಾಡಿನ ಕಡೇ ಸವಾರ ಮತ್ತು ನಮ್ಮ ದೊಡ್ಡಮ್ಮ

ಪ್ರತಿ ಜನವರಿಯಲ್ಲಿ ಎರಡು ವಾರ ನಮ್ಮ ದೊಡ್ಡಮ್ಮ ಚನ್ನಗಿರಿಯಲ್ಲಿ ಇರುವುದಿಲ್ಲ. ಇರುವುದಿಲ್ಲ ಅಂದರೆ, ದೇಹವೇನೋ ಇಲ್ಲೇ ನಮ್ಮ ನಡುಮನೆಯಲ್ಲಿ, ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತದೆ. ಹೊತ್ತು ಹೊತ್ತಿಗೆ ಕಾಫಿಯನ್ನೂ ಕೇಳುತ್ತದೆ. ಉಳಿದದ್ದೆಲ್ಲ ಸಮುದ್ರದಾಚೆಯ ಮರಳುಗಾಡಿನಲ್ಲಿ ಬೈಕೇರಿ ಹೋಗಿರುತ್ತದೆ!

ಅಲ್ಲೊಂದು ರ‍್ಯಾಲಿ ನಡೆಯುತ್ತದೆ. ಬೆಳಗಾದರೆ ಸಾಲುಸಾಲು ಬೈಕುಗಳು ಹೊರಟು, ಕಲ್ಲು ಮರಳು ದಿಬ್ಬ ಎಲ್ಲ ದಾಟಿ, ಸಂಜೆಯೊಳಗೆ ಒಂದು ಡೇರೆ ಮುಟ್ಟಬೇಕು. ಮಾರನೆಯ ದಿನ ಮತ್ತೆ ಅದೇ. ಪ್ರತಿಯೊಬ್ಬ ಸವಾರನೂ ಮೊಬೈಲಿನ ಮ್ಯಾಪಿನಲ್ಲಿ ಒಂದೊಂದು ಚುಕ್ಕೆ. ಅರವತ್ತೆಂಟು ವಯಸ್ಸಿನ, ಸೊಂಟದಲ್ಲಿ ಸ್ಟೀಲಿನ ರಾಡು ಇಟ್ಟುಕೊಂಡಿರುವ ಹೆಂಗಸಿಗೆ ಆ ಚುಕ್ಕೆಗಳ ಸಹವಾಸ ಯಾಕೆ ಅಂತ ನೀವು ಕೇಳಬಹುದು. ನಾವೂ ಕೇಳಿದ್ದೇವೆ. ಕೇಳಿದಾಗೆಲ್ಲ ಬಂದ ಉತ್ತರ ಒಂದೇ: "ಶ್! ದಿಬ್ಬ ಹತ್ತಾಕೆ ಹತ್ಯಾನೆ!"

ಹುಚ್ಚು ಹತ್ತಿದ ಕತೆ ಸಣ್ಣದು. ಸೊಂಟನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಮೊಬೈಲಿನಲ್ಲಿ ನೋಡುತ್ತಿದ್ದಳಂತೆ. ಎಣ್ಣೆಯವನ ಭಾಷಣ ಮುಗಿದದ್ದೇ ತಡ, ತಾನಾಗಿಯೇ ಇನ್ನೊಂದು ವಿಡಿಯೋ ಶುರುವಾಯಿತು. ಮರಳಿನ ಮೇಲೆ ಒಬ್ಬ ಬೈಕಿನ ಸಮೇತ ಬಿದ್ದಿದ್ದಾನೆ. ಏಳುತ್ತಾನೆ, ಏದುಸಿರು ಬಿಡುತ್ತ ಬೈಕು ಎತ್ತುತ್ತಾನೆ, ಫಿಲ್ಟರು ಬಿಚ್ಚಿ ಮರಳು ಕೊಡವುತ್ತಾನೆ, ಮತ್ತೆ ಹತ್ತಿ ಹೋಗುತ್ತಾನೆ. ಎಣ್ಣೆ ಅಲ್ಲಿಗೆ ಮರೆತೇ ಹೋಯಿತು.

"ಲೇ ಮಗಾ, ಬಾ ಇಲ್ಲಿ! ಇವನು ಥೇಟ್ ನನ್ನಂಗೇ ಅದಾನೆ ನೋಡು!"

ನೋಡಿದೆ. ಆರಡಿ ಎತ್ತರ, ಕೆಂಪು ಗಡ್ಡ. ನಮ್ಮ ದೊಡ್ಡಮ್ಮ ಐದಡಿಗೆ ಎರಡಿಂಚು ಕಮ್ಮಿ. ಹೋಲಿಕೆ ಎಲ್ಲಿ ಹುಡುಕುವುದು ಹೇಳಿ?

ಆದರೆ ಹೋಲಿಕೆ ಇತ್ತು. ದೊಡ್ಡಮ್ಮ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಜಗಳೂರು ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸಾಗಿದ್ದವಳು. ಹೆಗಲಿಗೆ ಲಸಿಕೆ ಡಬ್ಬಿ, ಕೆಳಗೆ ಒಂದು ಮೊಪೆಡ್, ಸುತ್ತ ನೆರಳಿಲ್ಲದ ಬಯಲು. ಮೊಪೆಡ್ ಕೆಟ್ಟು ನಿಂತರೆ ಸೆರಗಿನ ಪಿನ್ನು ತೆಗೆದು ಪ್ಲಗ್ ಕೆರೆದು ತಾನೇ ಶುರು ಮಾಡಿಕೊಳ್ಳುತ್ತಿದ್ದಳು. ಸೆರಗು ಆಮೇಲೆ ಎಲ್ಲಿ ಹಾರಿತೋ ಗಾಳಿಗೇ ಗೊತ್ತು!

ರ‍್ಯಾಲಿಯಲ್ಲಿ ಮೊದಲು ಬರುವವರ ಕಡೆ ದೊಡ್ಡಮ್ಮ ಕಣ್ಣೆತ್ತಿಯೂ ನೋಡುವುದಿಲ್ಲ. "ಅವರಿಗೇನು ಬಿಡು, ಹಿಂದೆ ಲಾರಿ ತುಂಬ ಮೆಕ್ಯಾನಿಕ್‌ಗಳು" ಅಂತ ತಳ್ಳಿಹಾಕುತ್ತಾಳೆ. ಅವಳಿಗೆ ಬೇಕಾದವನು ನೂರ ಮೂವತ್ತೇಳನೇ ನಂಬರಿನವನು, ಅದೇ ಕೆಂಪು ಗಡ್ಡದವನು. ತನ್ನ ಗಾಡಿ ತಾನೇ ರಿಪೇರಿ ಮಾಡಿಕೊಳ್ಳುವವನು. ಈ ಕಾರಣಕ್ಕೋ ಏನೋ, ಪ್ರತಿದಿನ ತಪ್ಪದೆ ಕಟ್ಟಕಡೆಗೆ ಬರುವವನು!

"ನಮ್ಮ ಹುಡುಗ ಇನ್ನಾ ಬಂದಿಲ್ಲ" ಅಂತ ಸಂಜೆಯಾದರೆ ದೊಡ್ಡಮ್ಮನ ಪೇಚಾಟ.

"ಹುಡುಗ ಅಲ್ರಿ ಅತ್ತೆ, ಅವನಿಗೆ ಮೊಮ್ಮಕ್ಕಳದಾವಂತೆ" ಅಂತ ನನ್ನ ಹೆಂಡತಿ.

"ಇದ್ರೆ ಇರವಲ್ವು. ಹೊಟ್ಟೆ ಹಸಿಯಾಕಿಲ್ಲೇನು ಅವನಿಗೆ?"

ಹಸಿವಿನ ವಿಷಯ ಅಲ್ಲಿಗೇ ನಿಲ್ಲಲಿಲ್ಲ. ದಿನಾ ಸಂಜೆ ಮೊಬೈಲಿನಲ್ಲಿ ಅವನ ಪುಟದ ಕೆಳಗೆ, ದೇಶದೇಶದವರು ಬರೆದ ಪರಭಾಷೆಗಳ ನಡುವೆ, ಅಚ್ಚ ಕನ್ನಡದಲ್ಲಿ ಒಂದು ಸಾಲು ಕುಟ್ಟುವುದು: "ಊಟ ಆಯ್ತೇನಪ್ಪಾ?" ನಾಲ್ಕನೆಯ ದಿನ ಉತ್ತರ ಬಂತು! ಪಾಪ, ಯಾವ ಯಂತ್ರದ ಬಾಯಿಗೆ ಹಾಕಿ ತೆಗೆದಿದ್ದನೋ: "ಆಹಾರ ಪೂರ್ಣಗೊಂಡಿದೆ, ಗೌರವಾನ್ವಿತ ಮಹಿಳೆ." ನನ್ನದು ಜೆರಾಕ್ಸ್ ಅಂಗಡಿ. ಅಲ್ಲೇ ಅದನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ದೇವರ ಫೋಟೋಗಳ ಸಾಲಿನಲ್ಲಿ ನಿಲ್ಲಿಸಿದಳು. ಈಗ ಬೆಳಗಿನ ಊದುಬತ್ತಿ ಅದಕ್ಕೂ ಸಲ್ಲುತ್ತದೆ.

ರ‍್ಯಾಲಿಯವರಿಗೆ ದಾರಿ ತೋರಿಸಲು ಒಂದು ಕಾಗದದ ಸುರುಳಿ ಕೊಡುತ್ತಾರಂತೆ. ಎಲ್ಲಿ ತಿರುಗಬೇಕು, ಎಲ್ಲಿ ಗುಂಡಿ ಅಂತ ಅದರಲ್ಲಿ ಗುರುತು. ಸಣ್ಣ ಅಪಾಯಕ್ಕೆ ಒಂದು ಆಶ್ಚರ್ಯಸೂಚಕ ಚಿಹ್ನೆ, ದೊಡ್ಡದಕ್ಕೆ ಎರಡು, ಪ್ರಾಣಕ್ಕೇ ಕುತ್ತಾದರೆ ಮೂರು. ಇದು ಗೊತ್ತಾದ ವಾರದಲ್ಲಿ ನಮ್ಮ ಮನೆಯ ತುಂಬ ಚಿಹ್ನೆಗಳು ಎದ್ದವು. ಖಾರದ ಡಬ್ಬಿಗೆ ಒಂದು. ಬಚ್ಚಲಿನ ಜಾರುಕಲ್ಲಿಗೆ ಎರಡು. ಕ್ಯಾಲೆಂಡರಿನಲ್ಲಿ, ನನ್ನ ಹೆಂಡತಿಯ ಅಣ್ಣ ಹೊನ್ನಾಳಿಯಿಂದ ಬರಲಿದ್ದ ಭಾನುವಾರದ ಮೇಲೆ ಮೂರು! ಬಂದವರ ಕಣ್ಣಿಗೆ ಮೊದಲು ಬಿದ್ದದ್ದೂ ಅದೇ.

"ಇದೇನಮ್ಮ, ನಾನು ಬರೋ ದಿನದ ಮೇಲೆ ಹಿಂಗೆ ಬರೆದೀರಿ?"

ದೊಡ್ಡಮ್ಮ ಕಣ್ಣು ಮಿಟುಕಿಸದೆ ಹೇಳಿದಳು: "ನೀವು ಬರ್ತೀರಿ ಅಂತ ಅಷ್ಟು ಖುಷಿ ಆಗಿತ್ತಪ್ಪ!"

ಆ ಪುಣ್ಯಾತ್ಮರು ಈಗ ತಿಂಗಳಿಗೆ ಎರಡು ಸಲ ಬರುತ್ತಾರೆ.

ನ್ಯಾಮತಿಯ ಮದುವೆಗೆ ಹೋದಾಗಿನ ಕತೆಯಂತೂ ಕೇಳಲೇಬೇಡಿ. ನನ್ನ ಹಳೇ ಕಾರಿನಲ್ಲಿ ಮೂವರೂ ಹೊರಟೆವು. ಮೊಬೈಲಿನ ಮ್ಯಾಪು ಹಾಕಕೂಡದು ಅಂತ ಅಪ್ಪಣೆಯಾಯಿತು. ದೊಡ್ಡಮ್ಮ ಎರಡು ದಿನ ಕೂತು ತಾನೇ ಒಂದು ಸುರುಳಿ ತಯಾರಿಸಿದ್ದಳು. ಹೊನ್ನಾಳಿಯವರೆಗೆ ದೋಷವಿಲ್ಲ. ಆಮೇಲೆ ಸುರುಳಿ ಬಿಚ್ಚುತ್ತ, "ಕಪ್ಪು ಎಮ್ಮೆ ಕಟ್ಟಿದಲ್ಲಿ ಬಲಕ್ಕೆ" ಅಂದಳು. ಎಮ್ಮೆ ಕಂಡಿತು, ತಿರುಗಿದೆವು. ಎಷ್ಟು ದೂರ ಹೋದರೂ ಮದುವೆಯ ಚಪ್ಪರ ಕಾಣಲಿಲ್ಲ. ಕಂಡದ್ದು ಸೂರಗೊಂಡನಕೊಪ್ಪ! ಅಲ್ಲಿಯ ಗುಡಿಯಲ್ಲಿ ಸಂತ ಸೇವಾಲಾಲರಿಗೆ ಕೈಮುಗಿದು, ದಾರಿ ಕೇಳಿಕೊಂಡು, ನ್ಯಾಮತಿ ಮುಟ್ಟುವ ಹೊತ್ತಿಗೆ ಕೊನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು.

"ದಾರಿ ತಪ್ಪಿಸಿಬಿಟ್ಟೆಯಲ್ಲ ದೊಡ್ಡಮ್ಮ!" ಅಂತ ನಾನು ರೇಗಿದೆ.

"ದಾರಿ ಸರಿಯಾಗೇ ಐತೆ. ಎಮ್ಮೆ ತಪ್ಪೈತೆ" ಅಂದಳು.

ಹೀಗೆ ನಕ್ಕು ನಗಿಸಿಕೊಂಡೇ ಈ ಸಲದ ಜನವರಿಯೂ ಕಳೆಯಬೇಕಿತ್ತು. ಒಂಬತ್ತನೆಯ ದಿನ ಮಧ್ಯಾಹ್ನ, ಊಟಕ್ಕೆ ಅಂತ ಅಂಗಡಿಯಿಂದ ಬಂದರೆ ದೊಡ್ಡಮ್ಮನ ಮುಂದಿನ ತಟ್ಟೆಯ ಮುದ್ದೆ ತಣ್ಣಗಾಗಿತ್ತು.

"ನಿಂತುಬಿಟ್ಟಾನೆ ಮಗಾ. ಒಂದು ತಾಸಾತು, ಅಲ್ಲಾಡಿಲ್ಲ."

"ಗಾಡಿ ರಿಪೇರಿ ಮಾಡ್ತಿರಬೇಕು ತಗೋ" ಅಂದೆ. ಅಂಗಡಿಗೆ ವಾಪಸ್ ಹೋಗಲು ಮನಸ್ಸಾಗಲಿಲ್ಲ. ಹೆಂಡತಿಯೂ ಪಾತ್ರೆ ಬಿಟ್ಟು ಬಂದು ಕೂತಳು. ಮೂವರೂ ಒಂದು ಚುಕ್ಕೆಯನ್ನು ನೋಡುತ್ತ ಕೂತೆವು. ನಮಗೆ ಹೆಸರೂ ಸರಿಯಾಗಿ ಹೇಳಲು ಬಾರದ ಮನುಷ್ಯ! ಸಂಜೆ ಬೀದಿ ದೀಪ ಹತ್ತುವ ಹೊತ್ತಿಗೆ ಸುದ್ದಿ ಬಂತು. ಬಿದ್ದು ಭುಜದ ಮೂಳೆ ಮುರಿದಿದೆ, ಹೆಲಿಕಾಪ್ಟರಿನಲ್ಲಿ ಕರೆದುಕೊಂಡು ಹೋಗಿದ್ದಾರೆ, ನೂರ ಮೂವತ್ತೇಳು ರ‍್ಯಾಲಿಯಿಂದ ಹೊರಗೆ.

ದೊಡ್ಡಮ್ಮ ಮೊಬೈಲು ಮುಚ್ಚಿಟ್ಟು, ತಣ್ಣಗಿನ ಮುದ್ದೆಯನ್ನೇ ಮುರಿದು ತಿಂದು ಎದ್ದಳು. ಮಾರನೆಯ ದಿನ ಮಾತಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮನೆ ಎಷ್ಟು ಬಿಕೋ ಅಂದಿತೆಂದರೆ, "ನಿಮ್ಮಣ್ಣನಿಗೆ ಫೋನ್ ಮಾಡಿ ಬರಾಕೆ ಹೇಳು" ಅಂತ ನಾನೇ ಹೆಂಡತಿಗೆ ಹೇಳುವ ಸ್ಥಿತಿ ಬಂತು!

ಮೂರನೆಯ ದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ದೊಡ್ಡಮ್ಮ ನನ್ನ ಬೈಕಿನ ಪಕ್ಕ ನಿಂತಿದ್ದಳು. ಕೀಲಿ ಇರಲಿಲ್ಲ. ಸುಮ್ಮನೆ ಆಕ್ಸಿಲರೇಟರಿನ ಮೇಲೆ ಕೈಯಿಟ್ಟು, ಮೆಲ್ಲಗೆ ತಿರುಗಿಸುತ್ತಿದ್ದಳು, ಬಿಡುತ್ತಿದ್ದಳು. ನನ್ನನ್ನು ನೋಡಿ ಕೈ ತೆಗೆದಳು.

"ಅವನು ಮುಂದಿನ ವರ್ಷ ಮತ್ತೆ ಬರ್ತಾನೆ ದೊಡ್ಡಮ್ಮ" ಅಂದೆ.

"ಬರ್ತಾನೆ ಬಿಡು. ಅವನು ಬರ್ತಾನೆ. ನಾನೇ ಹೋಗಲಿಲ್ಲ."

ಅವತ್ತು ಅಂಗಳದ ಕಟ್ಟೆಯ ಮೇಲೆ ಕೂತು ಅವಳು ಹೇಳಿದ್ದು ಅದಕ್ಕೂ ಮುಂಚೆ ಯಾರಿಗೂ ಹೇಳಿರಲಿಲ್ಲ. ಅವಳ ನಿವೃತ್ತಿಗೆ ಮೂರು ತಿಂಗಳಿದ್ದಾಗ, ಮನೆಮನೆಗೆ ಹೋಗಿ ಪೋಲಿಯೋ ಹನಿ ಹಾಕುವ ದಿನ ಮೊಪೆಡ್ ಜಾರಿ ಬಿದ್ದಳು. ಸೊಂಟ ಮುರಿಯಿತು. ಅದು ನಮಗೆಲ್ಲ ಗೊತ್ತಿದ್ದದ್ದೇ. ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದಂತೆಯೇ ಅವಳ ನೌಕರಿ ಮುಗಿಯಿತು. ಇನ್ನು ಗಾಡಿ ಹತ್ತಕೂಡದು ಅಂತ ಡಾಕ್ಟರು ಹೇಳಿದ್ದರಿಂದ, ಅವಳನ್ನು ಒಂದು ಮಾತೂ ಕೇಳದೆ ಆ ಮೊಪೆಡ್ಡನ್ನು ಗುಜರಿಗೆ ಹಾಕಿ ಬಂದವನು ನಾನೇ. ನಮಗೆ ಗೊತ್ತಿಲ್ಲದಿದ್ದದ್ದು ಇಷ್ಟು: ಅವತ್ತು ಒಂದು ಹಟ್ಟಿ ಉಳಿದುಹೋಗಿತ್ತು. ಹತ್ತು ಹದಿನೈದು ಮನೆ. ನಾಲ್ಕು ಕೂಸು.

"ಬೇರೆಯವರು ಹೋಗಿ ಹಾಕಿರ್ತಾರಲ್ಲ ದೊಡ್ಡಮ್ಮ."

"ಹಾಕ್ಯಾರೆ. ಆಸ್ಪತ್ರೆಗೆ ಬಂದು ಹೇಳಿ ಹೋದ್ರು. ಸುಳ್ಳು ಹೇಳೋರಲ್ಲ ಅವರು." ಬೈಕಿನ ಕಡೆ ನೋಡುತ್ತ, "ಆದ್ರೆ ನಾನು ನೋಡ್ಲಿಲ್ವಲ್ಲ ಮಗಾ" ಅಂದಳು.

ಎಂಟು ವರ್ಷ ನಮ್ಮ ಕಿಟಕಿ ಪಕ್ಕ ಕೂತು ಅವಳು ಯಾವ ದಾರಿ ನೋಡುತ್ತಿದ್ದಳು? ನಾನು ಒಮ್ಮೆಯಾದರೂ ಕೇಳಿದ್ದೆನೇ?

ಆ ಶನಿವಾರ ಬೆಳಿಗ್ಗೆ ಹೊರಟೆವು. ಕಾರು ತೆಗೆಯುತ್ತೇನೆ ಅಂದರೆ ಒಪ್ಪಲಿಲ್ಲ, ಬೈಕೇ ಆಗಬೇಕು. ಜನ್ಮದಲ್ಲಿ ಮೊದಲ ಸಲ ನನ್ನ ಹೆಂಡತಿಯ ಚೂಡಿದಾರ ತೊಟ್ಟು, ಎರಡೂ ಕಡೆ ಕಾಲು ಹಾಕಿ ಕೂತಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ದಾವಣಗೆರೆಯಲ್ಲಿ ಒಂದು ಕಡೆ, ದಾಟಿದ ಮೇಲೆ ಎರಡು ಕಡೆ ನಿಲ್ಲಿಸಿ ಇಳಿಸಿದೆ. ಪ್ರತಿ ಸಲವೂ ಸೊಂಟ ಹಿಡಿದುಕೊಂಡು ಎರಡು ಹೆಜ್ಜೆ ಹಾಕಿ, "ನಡಿ ನಡಿ" ಅನ್ನುವುದು. ಜಗಳೂರು ದಾಟಿದ ಮೇಲೆ ಬಯಲಿನ ಗಾಳಿಗೆ ಮುಖವೊಡ್ಡಿ ಕೂತಿದ್ದಳು. ಕನ್ನಡಿಯಲ್ಲಿ ನೋಡಿದೆ. ಕಣ್ಣು ಮುಚ್ಚಿದ್ದಳು. ತಿರುವು ಬಂದಾಗ ಮಾತ್ರ, ಕಣ್ಣು ಬಿಡದೆಯೇ ನನ್ನ ಎಡಭುಜವನ್ನೋ ಬಲಭುಜವನ್ನೋ ತಟ್ಟುತ್ತಿದ್ದಳು. ಒಂದೂ ತಪ್ಪಲಿಲ್ಲ.

ಹಟ್ಟಿ ಮುಟ್ಟಿದೆವು. ನಲ್ಲಿಯ ಹತ್ತಿರ ಕೊಡ ಹಿಡಿದಿದ್ದ ಹೆಂಗಸೊಬ್ಬಳು ಕೇಳಿದಳು: "ಯಾರು ಬೇಕಿತ್ರೀ?"

"ಯಾರೂ ಬ್ಯಾಡವ್ವ. ಸುಮ್ನೆ ಬಂದ್ವಿ" ಅಂದಳು ದೊಡ್ಡಮ್ಮ.

ಯಾರಿಗೂ ಅವಳ ಗುರುತು ಸಿಗಲಿಲ್ಲ. ಅವಳೂ ಹೇಳಿಕೊಳ್ಳಲಿಲ್ಲ. ಶಾಲೆಯ ಎದುರಿನ ಕಲ್ಲಿನ ಮೇಲೆ ಕೂತಳು. ಶನಿವಾರ, ಬೆಳಗಿನ ಶಾಲೆ ಬಿಡುವ ಹೊತ್ತು. ಮಕ್ಕಳು ಚೀಲ ಹೊತ್ತು ಒಬ್ಬೊಬ್ಬರೇ ಹೊರಗೆ ಬಂದು, ಹೊಸ ಬೈಕು ಹೊಸ ಅಜ್ಜಿ ನೋಡಿ ಸುತ್ತ ನಿಂತರು.

"ಯಾವ ಕ್ಲಾಸು ನೀನು?" ಅಂತ ಮುಂದೆ ನಿಂತ ಹುಡುಗಿಯನ್ನು ಕೇಳಿದಳು.

"ಮೂರನೇ ಕ್ಲಾಸು."

"ನಿನ್ನ ಜೊತೆ ಮೂರನೇ ಕ್ಲಾಸಿನಾಗೆ ಯಾರ‍್ಯಾರು ಅದೀರಿ?"

ಇನ್ನೂ ಐದು ಕೈ ಮೇಲೆದ್ದವು. ಎಂಟು ವರ್ಷದ ಹಿಂದಿನ ಆ ನಾಲ್ಕು ಕೂಸು ಅವುಗಳಲ್ಲಿ ಯಾವುವು ಅಂತ ಯಾರು ಹೇಳಬೇಕು? ದೊಡ್ಡಮ್ಮ ಮುಖಗಳನ್ನು ನೋಡಲೇ ಇಲ್ಲ. ಧೂಳು ಮೆತ್ತಿದ ಕಾಲುಗಳನ್ನೇ ಒಂದೊಂದಾಗಿ ನೋಡಿದಳು.

"ಎಲ್ಲಿ, ಆ ಬೇವಿನ ಮರದ ತನಕ ಓಡಿ ಬರ‍್ರಿ ನೋಡಾಣ."

ಹೇಳಿದ್ದು ಆರು ಮಕ್ಕಳಿಗೆ, ಓಡಿದ್ದು ಇಡೀ ಶಾಲೆ. ಚೀಲಗಳು ಬೆನ್ನ ಮೇಲೆ ಕುಣಿಯುತ್ತ, ಧೂಳೆಬ್ಬಿಸುತ್ತ, ಮರ ಮುಟ್ಟಿ ಕಿರುಚುತ್ತ ತಿರುಗಿ ಬಂದವು. ಏದುಸಿರು ಬಿಡುತ್ತ ಅವಳನ್ನು ಮುತ್ತಿಕೊಂಡವು.

"ಅಜ್ಜೀ, ಯಾರು ಫಸ್ಟು? ಯಾರು ಫಸ್ಟು ಹೇಳ್ರಿ!"

ದೊಡ್ಡಮ್ಮ ವೇಲಿನಿಂದ ಕಣ್ಣು ಒರೆಸಿಕೊಂಡಳು.

"ಸರಿಯಾಗಿ ಕಾಣಲಿಲ್ಲ ಕಣ್ರೋ. ಇನ್ನೊಂದು ಸಲ ಓಡ್ರಿ."